ಒಂದೇ ಬಳಿಯವರು

ಮೋಕ್ಷಿತ್ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ನಾನು ಅವನಿಗೆ ಚೆನ್ನಾಗಿ ಬೈದೆ.

ಮೂರ್ನಾಡಿನಲ್ಲಿ ಚರ್ಮದ ಬ್ಯಾಗು, ಬೆಲ್ಟು ಹೊಲಿಯುವವಳು ನಾನೊಬ್ಬಳೇ. ಅವನು ಹುದಿಕೇರಿ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ತೀರಿಹೋದ ಅಪ್ಪನ, ಕೋವಿಯ ತೋಟಾ ಸಿಕ್ಕಿಸುವ ಬೆಲ್ಟನ್ನು ಕೈಲ್ ಮುಹೂರ್ತ ಹಬ್ಬದ ದಿನ ಕೋವಿಯ ಜೊತೆ ಪೂಜೆಗಿಡಬೇಕೆಂದು ತಂದಿದ್ದ. ಹೊಲಿಗೆ ಬಿಟ್ಟಿದ್ದ ಕಡೆಯೆಲ್ಲ, ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿಯುವ ಅಂಟನ್ನು ತಾನೇ ಸುರಿದುಬಿಟ್ಟಿದ್ದ. ಚರ್ಮ ಗಾಜಿನಂತೆ ಗಟ್ಟಿಯಾಗಿ, ಮಡಿಸಿದಲ್ಲೆಲ್ಲ ಬಿರುಕು ಬಿಟ್ಟಿತ್ತು.

ಹೊಲಿಯುವ ಮೊದಲು ತುಂಡುಗಳು ಜಾರದಂತೆ ಹಿಡಿದಿಡುವುದಷ್ಟೇ ಅಂಟಿನ ಕೆಲಸ, ಗಟ್ಟಿಯಾಗಿ ಹಿಡಿಯುವುದು ದಾರ ಎಂದು ತಿಳಿಹೇಳಿದೆ. ಮೇಜಿನ ಮೇಲೆ ಮೂರು ಡಬ್ಬಿಗಳಿದ್ದವು. ಯಾವುದು ಹಾಕುತ್ತೀರಿ ಎಂದು ಕೇಳಿದ. ಹಳದಿಯದು ಶೂ ಅಟ್ಟೆಗೆ, ಒಮ್ಮೆ ಕೂತರೆ ಏಳುವುದಿಲ್ಲ. ಬಿಳಿಯದಕ್ಕೆ ವಾಸನೆಯಿಲ್ಲ, ಆದರೆ ಮಳೆಗಾಲದ ತೇವದಲ್ಲಿ ಒಣಗುವುದೇ ಇಲ್ಲ. ರಬ್ಬರ್ ಸೊಲ್ಯೂಷನ್ ತೆಗೆದುಕೊಂಡೆ. ಸೊಟ್ಟಗೆ ಕೂತರೆ ಬಿಡಿಸಿ ಮತ್ತೆ ಕೂರಿಸಬಹುದು. ಅಂಚಿಗೆ ಮಾತ್ರ, ಎರಡೂ ತುಂಡಿಗೆ ತೆಳುವಾಗಿ ಸವರಿ, ಬೆರಳಿಗೆ ಮೆತ್ತಿಕೊಳ್ಳದಷ್ಟು ಆರುವವರೆಗೆ ಕಾಯಬೇಕು.

"ಎಷ್ಟು ಹೊತ್ತು?" ಎಂದ.

"ಹದಿನೈದು ನಿಮಿಷ."

"ಹಾಗಾದರೆ ಕೂರ್ತೇನೆ."

ಕೂತ. ಮುಂದಿನ ಭಾನುವಾರವೂ ಕೂತ, ಅದರ ಮುಂದಿನ ಭಾನುವಾರವೂ. ಬೆಲ್ಟಿಗೆ ಇಪ್ಪತ್ತು ತೋಟಾ ಕುಣಿಕೆಗಳನ್ನು ಹೊಸದಾಗಿ ಕೂರಿಸಬೇಕಿತ್ತು. ನಾನೇ ಅಂಟಿಸುತ್ತೇನೆ, ನೀವು ಹೊಲಿದರೆ ಸಾಕು ಎಂದ. ವಾರಕ್ಕೆ ಎರಡೇ ಕುಣಿಕೆ ಮುಗಿಯುತ್ತಿದ್ದವು, ಏಕೆಂದರೆ ಬೇಕೆಂದೇ ಸೊಟ್ಟಗೆ ಅಂಟಿಸುತ್ತಿದ್ದ. ನಾನು ಗದರುವವರೆಗೆ ಓರೆಗಣ್ಣಿನಿಂದ ನನ್ನನ್ನೇ ನೋಡುವನು. ಬಿಡಿಸಿ, ಹಳೆಯ ಅಂಟನ್ನು ಬೆರಳಿನಿಂದ ಉಜ್ಜಿ ತೆಗೆದು, ಮತ್ತೆ ಸವರಿ, ಮತ್ತೆ ಹದಿನೈದು ನಿಮಿಷ. ನನಗೆ ಗೊತ್ತಾಗುತ್ತಿರಲಿಲ್ಲವೇ? ಗೊತ್ತಾಗುತ್ತಿತ್ತು. ನನಗೂ ಅದೇ ಬೇಕಿತ್ತು.

ಇಬ್ಬರೂ ಅರೆಭಾಷೆ ಮಾತಾಡುವ ಗೌಡರೆಂದು ಎರಡನೇ ವಾರವೇ ತಿಳಿದು, 'ನೀವು' ಹೋಗಿ 'ನೀ' ಆಗಿತ್ತು. ಮನೆತನದ ಹೆಸರು ಕೇಳಿಕೊಂಡೆವು. ಬೇರೆ ಬೇರೆ. ಅಷ್ಟಕ್ಕೇ ಇಬ್ಬರೂ ಹಿಗ್ಗಿದೆವು. ಬಳಿ, ಅಂದರೆ ಗೋತ್ರ, ಯಾವುದೆಂದು ಕೇಳಿಕೊಳ್ಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಈಗಿನವರಿಗೆ ಅದು ಹೊಳೆಯುವುದು ಮದುವೆ ಮಾತು ಬಂದಾಗಲೇ.

ಆಗಸ್ಟ್ ಕೊನೆಯಲ್ಲಿ ಅವನ ಅಮ್ಮ ಪೊನ್ನಮ್ಮ ಹ್ಯಾಂಡ್‌ಬ್ಯಾಗಿನ ಹಿಡಿ ರಿಪೇರಿಯ ನೆಪದಲ್ಲಿ ಬಂದರು. ನನ್ನ ಅಂಟು ಮೆತ್ತಿದ ಬೆರಳುಗಳನ್ನು ಹಿಡಿದು ನೋಡಿ, ಕೆಲಸದ ಕೈ ಎಂದು ಮೆಚ್ಚಿದರು. ಆಮೇಲೆ ಕೇಳಿದರು.

"ನಿಮ್ಮ ಬಳಿ ಯಾವುದು ಕೂಸೇ?"

ಹೇಳಿದೆ. ಅವರ ಮುಖ ಇಳಿಯಿತು. ಕೈ ಮಾತ್ರ ಬಿಡಲಿಲ್ಲ.

"ಹಂಗಾರೆ ನೀ ನಮ್ಮದೇ ಕೂಸ್" ಎಂದರು.

ಮನೆತನ ಬೇರೆಯಾದರೂ ಬಳಿ ಒಂದಾದರೆ ನಮ್ಮಲ್ಲಿ ಅಣ್ಣ ತಂಗಿ. ಎಷ್ಟು ತಲೆಮಾರಿನ ಹಿಂದೆ ಒಬ್ಬನೇ ಅಜ್ಜನಿದ್ದನೋ, ಅವನ ಹೆಸರೂ ಯಾರಿಗೂ ಗೊತ್ತಿಲ್ಲ. ಆ ಅಜ್ಜನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಆ ಭಾನುವಾರ ಮೋಕ್ಷಿತ್ ಕೊನೆಯ ಕುಣಿಕೆಗೆ ಅಂಟು ಸವರಿ ಕೂತ. ಕಣ್ಣು ಕೆಂಪಾಗಿತ್ತು. ಮೈಸೂರಿಗೆ ಹೋಗಿ ರಿಜಿಸ್ಟರ್ ಮಾಡಿಕೊಳ್ಳೋಣ, ಅಲ್ಲಿ ಬಳಿ ಕೇಳುವವರು ಯಾರು ಎಂದ.

"ನೀ ಒಂದ್ ಮಾತ್ ಹೇಳಿರೆ ಸಾಕ್. ನಾ ಮನೆ ಬಿಟ್ಟ್ ಬನ್ನೆ."

ಅವನು ಮನೆ ಬಿಟ್ಟು ಬರಬೇಕೋ ಬೇಡವೋ, ಹಬ್ಬದ ಮುಂಚಿನ ದಿನ ಹೇಳುತ್ತೇನೆ ಎಂದೆ. ಅಂದು ಅವನು ಕುಣಿಕೆಯನ್ನು ಮೊದಲ ಸಲಕ್ಕೇ ನೆಟ್ಟಗೆ ಅಂಟಿಸಿದ. ಅದನ್ನು ನೋಡಿ ನನಗೆ ಅಳು ಬಂತು.

ವಾರವಿಡೀ ಯೋಚಿಸಿದೆ. ಹೋಗುವ ಆಸೆ ಇರಲಿಲ್ಲವೆಂದರೆ ಸುಳ್ಳು. ಚಪ್ಪಲಿ ಹೊಲಿಯುವ ಕೆಲಸ ನಮ್ಮ ಹುಡುಗಿಗೆ ಯಾಕೆ ಎಂದು ಕುಟುಂಬದವರೆಲ್ಲ ಮುಖ ತಿರುಗಿಸಿದಾಗ, ನಮ್ಮಜ್ಜ ಮೊಣ್ಣಪ್ಪ ಒಬ್ಬರೇ ನನ್ನ ಪರ ನಿಂತಿದ್ದರು. ಒಂದು ವರ್ಷ ಅವರನ್ನೂ ಯಾರೂ ಊಟಕ್ಕೆ ಕರೆಯಲಿಲ್ಲ. ಈ ಸಲವೂ ಅವರು ನನ್ನ ಪರವೇ ನಿಲ್ಲುತ್ತಿದ್ದರು. ನಾನು ಹೆದರಿದ್ದು ಅದಕ್ಕೇ. ಮೋಕ್ಷಿತನ ಅಮ್ಮನಿಗೂ ಅವನು ಬಿಟ್ಟರೆ ಬೇರೆ ಯಾರಿದ್ದಾರೆ?

ಹಬ್ಬದ ಮುಂಚಿನ ದಿನ ಮಧ್ಯಾಹ್ನ ಅವನು ಅಮ್ಮನ ಜೊತೆ ಬಂದ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದ. ಎರಡೂವರೆ ತಿಂಗಳಿಂದ ನಾನು ಕಾದು ಕೂರುತ್ತಿದ್ದ ನೋಟ ಅದು. ಒಂದು ಸಲ ಹೂಂ ಎಂದು ತಲೆಯಾಡಿಸಿದ್ದರೂ ಸಾಕಿತ್ತು, ಅವನು ಅಲ್ಲೇ ಅಮ್ಮನಿಗೆ ಹೇಳಿಬಿಡುತ್ತಿದ್ದ.

"ಅಣ್ಣ, ಬೆಲ್ಟ್ ರೆಡಿ ಆತ್" ಎಂದೆ. "ಹಾಕಿ ನೋಡ್."

ಪೊನ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವನು ಬೆಲ್ಟನ್ನು ಸೊಂಟಕ್ಕೆ ಸುತ್ತಿದ. ಬಕಲ್ ಹಾಕಲು ಹೋದರೆ ತೂತು ಸಿಗಲಿಲ್ಲ. ಮೂರು ಸಲ ತಪ್ಪಿತು. ನನ್ನ ಕೈ ಮುಂದೆ ಹೋಗಿತ್ತು, ಹಿಂದಕ್ಕೆಳೆದುಕೊಂಡೆ.

ಕೊನೆಗೆ ಅವನ ಅಮ್ಮನೇ ಹಾಕಿಕೊಟ್ಟರು.