ಆಟಕ್ಕೆ ಬಾರದ ನಾಲ್ಕನೆಯವನು

ಸೋಮವಾರ ಬೆಳಿಗ್ಗೆ ಟ್ಯಾಂಜಿಯರ್ ಬಂದರು ಠಾಣೆಯಲ್ಲಿ ರಾತ್ರಿ ಪಾಳಿಯವರು ಇನ್ನೂ ಮನೆಗೆ ಹೊರಟಿರಲಿಲ್ಲ, ಅಷ್ಟರಲ್ಲೇ ರಹ್ಮಾ ಬಂದು ಬೆಂಚಿನ ಮೇಲೆ ಕೂತಿದ್ದಳು. ಇನ್‌ಸ್ಪೆಕ್ಟರ್ ತೆಮ್ಸಮಾನಿಗೆ ನೋಡಿದೊಡನೆ ಗುರುತು ಸಿಕ್ಕಿತು. ಐದು ವರ್ಷಗಳ ಹಿಂದೆ ಗಂಡ ಮುಫದ್ದಲ್ ಬಕ್ಕಾಲಿ ಕಾಣೆಯಾಗಿದ್ದಾನೆಂದು ದೂರು ಕೊಟ್ಟವಳು. ಮೊದಲ ವರ್ಷ ವಾರಕ್ಕೊಮ್ಮೆ ಬಂದು ಠಾಣೆಯವರ ಜೀವ ತಿಂದಳು, ಆಮೇಲೆ ಬರುವುದನ್ನೇ ಬಿಟ್ಟಳು. ಈಗ ಅಂಗೈಗೆ ಹೊಸ ಮದರಂಗಿ ಹಚ್ಚಿಕೊಂಡು, ಹಬ್ಬದ ಜೆಲ್ಲಾಬಾ ನಿಲುವಂಗಿ ತೊಟ್ಟು ಬಂದಿದ್ದಳು.

"ನನ್ನ ಗಂಡ ಊರಲ್ಲೇ ಇದಾರೆ ಸಾಹೇಬ್ರೆ. ಹಿಡಿದು ಕೊಡಿ," ಎಂದಳು.

ಪಕ್ಕದ ಮನೆಯ ಹುಡುಗಿಯೊಬ್ಬಳು ನವ್ರಸ್ ಕ್ಯಾಸಿನೊದಲ್ಲಿ ಬಂದವರ ಕೋಟು ಇಟ್ಟುಕೊಳ್ಳುವ ಕೆಲಸದಲ್ಲಿದ್ದಳು. ಶನಿವಾರ ಅಲ್ಲಿ ಪೋಕರ್ ಪಂದ್ಯ. ಇನ್ನೂ ಸೋಲದೆ ಉಳಿದ ಆಟಗಾರರ ಹೆಸರು ಗೋಡೆಯ ಪರದೆಯ ಮೇಲೆ ಬರುತ್ತದೆ. ಅದರಲ್ಲಿ ಮುಫದ್ದಲ್ ಬಕ್ಕಾಲಿ ಎಂಬ ಹೆಸರು ಕಂಡು ಹುಡುಗಿ ಫೋಟೊ ತೆಗೆದುಕೊಂಡು ಬಂದಿದ್ದಳು. ಆ ಹೆಸರಿನವರು ಊರಲ್ಲಿ ಎಷ್ಟೋ ಮಂದಿ ಇದ್ದಾರೆಂದು ಹೇಳಹೊರಟ ಕಾನ್‌ಸ್ಟೆಬಲ್ ವಹ್ಬಿ, ರಹ್ಮಾಳ ಮದರಂಗಿ ಕೈ ನೋಡಿ ಬಾಯಿ ಮುಚ್ಚಿಕೊಂಡ.

"ಊರಲ್ಲೇ ಇದ್ರೆ ಮನೆಗ್ಯಾಕೆ ಬರ್ಲಿಲ್ಲ?" ತೆಮ್ಸಮಾನಿ ಕೇಳಿದ.

"ಅದನ್ನ ನಾನೇ ಕೇಳ್ಕೋತೀನಿ. ಒಂದ್ಸಲ ಮುಖ ತೋರಿಸಿ. ಆಮೇಲೆ ಎಲ್ಲಿಗಾದ್ರೂ ಹೋಗ್ಲಿ, ನಾನು ತಡೆಯಲ್ಲ."

ತೆಮ್ಸಮಾನಿ ಹಳೆಯ ಕಡತ ಹೊರಗೆ ತೆಗೆಸಿದ. ಕಾಣೆಯಾದವರು ಸಿಗುತ್ತಾರೆಂಬ ನಂಬಿಕೆ ಅವನಿಗೆ ಯಾವತ್ತೋ ಹೋಗಿತ್ತು. ಆದರೂ ಜೀಪು ಹತ್ತುವಾಗ ಈ ಒಬ್ಬನಾದರೂ ಸಿಗಲಿ ಎಂದು ಅವನಿಗೆ ಮನಸಾರೆ ಅನ್ನಿಸಿತು.

ಕ್ಯಾಸಿನೊದವರು ಹೆಚ್ಚು ತಕರಾರು ಮಾಡಲಿಲ್ಲ. ನೋಂದಣಿ ಕೌಂಟರಿನಲ್ಲಿ ಗುರುತಿನ ಚೀಟಿಯ ಪ್ರತಿ ಇತ್ತು, ಅಸಲಿ ಚೀಟಿಯದೇ ಪ್ರತಿ. ಹಳೆಯ ಕಡತದಲ್ಲಿದ್ದ ಸಂಖ್ಯೆಯೂ ಅದೇ. ವಹ್ಬಿಯ ಮುಖ ಅರಳಿತು. ಮೇಜುಗಳ ಮೇಲಿನ ಕ್ಯಾಮೆರಾದ ಚಿತ್ರ ಹಾಕಿಸಿದರು.

ಆರನೆಯ ಮೇಜಿನಲ್ಲಿ, ಬಕ್ಕಾಲಿಯ ಹೆಸರಿಗೆ ಬಂದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಕುರ್ಚಿಯ ಮುಂದೆ ಬಣ್ಣದ ಬಿಲ್ಲೆಗಳ ರಾಶಿ. ಎಲೆ ಹಂಚುವ ಹುಡುಗಿ ಪ್ರತಿ ಆಟಕ್ಕೂ ಆ ಖಾಲಿ ಕುರ್ಚಿಗೆ ಎರಡು ಎಲೆ ಹಾಕುತ್ತಿದ್ದಳು, ಸರದಿ ಬಂದಾಗ ಕಡ್ಡಾಯ ಪಣವೆಂದು ರಾಶಿಯಿಂದ ಬಿಲ್ಲೆ ತೆಗೆದು ನಡುವೆ ಇಡುತ್ತಿದ್ದಳು, ಎಲೆಗಳನ್ನು ವಾಪಸ್ ಎಳೆದುಕೊಳ್ಳುತ್ತಿದ್ದಳು. ಇದೆಂಥ ಭೂತದ ಆಟ ಎಂದು ವಹ್ಬಿ ಕೇಳಿದ. ಪ್ರವೇಶ ಶುಲ್ಕ ಕಟ್ಟಿದವನು ಬಾರದಿದ್ದರೂ ಕುರ್ಚಿ ಅವನದೇ ಎಂದು ವ್ಯವಸ್ಥಾಪಕ ವಿವರಿಸಿದ. ಬಿಲ್ಲೆ ತೀರುವ ತನಕ ಅವನು ಆಟದಲ್ಲಿ ಇದ್ದ ಹಾಗೆಯೇ ಲೆಕ್ಕ.

ಚೀಟಿ ತಂದುಕೊಟ್ಟವರು ಯಾರೆಂದು ಕೇಳಿದಾಗ ಕೌಂಟರಿನ ಗುಮಾಸ್ತ ಬೆವರತೊಡಗಿದ. ಅದು ಬಕ್ಕಾಲಿಯ ಗೆಳೆಯರ ಗುಂಪು, ವರ್ಷಕ್ಕೊಮ್ಮೆ ಈ ಪಂದ್ಯಕ್ಕೆಂದೇ ಬರುವವರು. ಕ್ಷೌರಿಕ ಅಯ್ಯಾದ್ ಎಲ್ಲರ ಚೀಟಿ ಒಟ್ಟು ಸೇರಿಸಿ ಕೊಡುವುದು ಮೊದಲಿಂದಲೂ ನಡೆದುಬಂದ ರೂಢಿ. ಈ ಸಲವೂ ಕೊಟ್ಟ. ನಾಲ್ಕು ಚೀಟಿ ಇದ್ದವು, ನಾಲ್ಕಕ್ಕೂ ಮುದ್ರೆ ಬಿತ್ತು. ಎದುರಿಗೆ ಮೂರೇ ಜನ ಇದ್ದದ್ದನ್ನು ಗುಮಾಸ್ತ ನೋಡಲಿಲ್ಲ.

"ಪರಿಚಯದವರಲ್ವಾ ಸಾಹೇಬ್ರೆ, ಮುಖ ಯಾಕೆ ನೋಡ್ಲಿ ಅಂದ್ಕೊಂಡೆ," ಎಂದ.

ಆ ಮೂವರಲ್ಲಿ ಮೊದಲು ಸಿಕ್ಕವನು ಟ್ಯಾಕ್ಸಿ ಓಡಿಸುವ ಸೆಲ್ಲಾಮ್. ಗುಂಪಿನ ಇನ್ನೊಬ್ಬ ಮುಖ್ತಾರನೂ ಟ್ಯಾಕ್ಸಿಯಲ್ಲೇ ಕೂತಿದ್ದ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದರೂ ಉತ್ತರ ಒಂದೇ ಬಂತು. ನಾಲ್ಕನೆಯ ಚೀಟಿಯ ವಿಷಯ ಅವರಿಗೆ ತಿಳಿದಿರಲಿಲ್ಲ. ಪರದೆಯ ಮೇಲೆ ಹೆಸರು ಕಂಡಾಗ ಮುಫದ್ದಲನೇ ಊರಿಗೆ ಬಂದು ಹೆಸರು ಕೊಟ್ಟಿದ್ದಾನೆಂದು ಇಬ್ಬರೂ ನಂಬಿದ್ದರು.

"ಮತ್ತೆ ಒಬ್ರಿಗೊಬ್ರು ಹೇಳ್ಕೊಳ್ಲಿಲ್ವಾ?"

"ಹೇಳಿದ್ರೆ ಎಲ್ಲಿ ಸುಳ್ಳಾಗುತ್ತೋ ಅಂತ," ಎಂದ ಸೆಲ್ಲಾಮ್. "ಆಟ ಮುಗಿಯೋ ತನಕ ಬಾಗಿಲನ್ನೇ ನೋಡ್ತಿದ್ದೆ. ಕೈಗೆ ಎರಡು ರಾಜ ಬಂದಿದ್ವು, ಅದನ್ನೂ ಎಸೆದೆ. ಮುಫದ್ದಲ್ ತನ್ನ ಮದುವೆಗೇ ತಡವಾಗಿ ಬಂದೋನು. ಈಗ ಬಂದಾನು, ಈಗ ಬಂದಾನು ಅಂತ ಕೂತೆ."

ತೆಮ್ಸಮಾನಿಗೆ ಬೈಯಬೇಕೆನಿಸಿತು. ಯಾರನ್ನು ಬೈಯುವುದೆಂದು ತಿಳಿಯಲಿಲ್ಲ.

ಮಧ್ಯಾಹ್ನ ಅವರು ಅಯ್ಯಾದನ ಅಂಗಡಿ ಹೊಕ್ಕಾಗ ಕುರ್ಚಿಯಲ್ಲಿ ಗಿರಾಕಿಯೊಬ್ಬ ಮುಖದ ತುಂಬ ನೊರೆ ಹೊತ್ತು ಕೂತಿದ್ದ. ಅಯ್ಯಾದ್ ಕನ್ನಡಿಯಲ್ಲೇ ಸಮವಸ್ತ್ರ ನೋಡಿದ. ಬೆಚ್ಚಿಬೀಳಲಿಲ್ಲ.

"ಇವರ ಇನ್ನೊಂದು ಕೆನ್ನೆ ಮುಗಿಸ್ಲಾ ಸಾಹೇಬ್ರೆ? ಅರ್ಧ ಗಡ್ಡದಲ್ಲಿ ಎಬ್ಬಿಸಿದ್ರೆ ಊರೆಲ್ಲ ನಗುತ್ತೆ."

ತೆಮ್ಸಮಾನಿ ತಲೆಯಾಡಿಸಿ ಸ್ಟೂಲಿನ ಮೇಲೆ ಕೂತ. ಕ್ಷೌರ ಮುಗಿಯಿತು. ಅಯ್ಯಾದ್ ಕತ್ತಿ ತೊಳೆದಿಟ್ಟು, ಟವೆಲುಗಳ ಕೆಳಗಿಂದ ಮುಫದ್ದಲನ ಚೀಟಿ ತೆಗೆದು ತಾನಾಗಿಯೇ ಕೊಟ್ಟ. ಗಿರಾಕಿ ಮತ್ತು ಎದುರಿನ ಚಹಾದಂಗಡಿಯವನ ಸಾಕ್ಷಿಯಲ್ಲಿ ವಹ್ಬಿ ಪಂಚನಾಮೆ ಬರೆದ.

"ಇದು ನಿನ್ನ ಹತ್ರ ಯಾವಾಗಿಂದ ಇದೆ?"

"ಅವನು ಹೋದ ದಿನದಿಂದ."

ಆ ಮಾತು ಕೇಳಿದೊಡನೆ ತೆಮ್ಸಮಾನಿಗೆ ಎಲ್ಲ ಅರ್ಥವಾಯಿತು. ಬಂದರು ಠಾಣೆಯಲ್ಲಿ ಹತ್ತು ವರ್ಷ ಕಳೆದವನಿಗೆ ಅರ್ಥವಾಗದೆ ಇರುತ್ತದೆಯೇ. ಕಳ್ಳದೋಣಿಯಲ್ಲಿ ಸಮುದ್ರದಾಚೆಯ ಸ್ಪೇನಿಗೆ ದಾಟುವವರು ಚೀಟಿ ಸುಟ್ಟುಹಾಕುತ್ತಾರೆ, ಇಲ್ಲವೇ ನಂಬಿದವರ ಕೈಗೆ ಒಪ್ಪಿಸಿ ಹೋಗುತ್ತಾರೆ. ಹೆಸರೂ ಊರೂ ಇಲ್ಲದವನನ್ನು ಆ ದಡದವರು ಎಲ್ಲಿಗೆಂದು ವಾಪಸ್ ಕಳಿಸುತ್ತಾರೆ?

ಉಳಿದದ್ದನ್ನು ಅಯ್ಯಾದ್ ಠಾಣೆಯಲ್ಲಿ ಹೇಳಿಕೆಯಾಗಿ ಕೊಟ್ಟ. ಮುಫದ್ದಲ್ ದುಡಿಯುತ್ತಿದ್ದ ಬಟ್ಟೆ ಕಾರ್ಖಾನೆ ಬಾಗಿಲು ಹಾಕಿತ್ತು. ಆ ದಡದಲ್ಲಿ ಕೆಲಸ ಹಿಡಿದು ಹೆಂಡತಿಯನ್ನು ಕರೆಸಿಕೊಳ್ಳುವ ಯೋಚನೆ ಅವನದು. ಮೊದಲೇ ಹೇಳಿದರೆ ರಹ್ಮಾ ಕಾಲು ಹಿಡಿದು ನಿಲ್ಲಿಸುತ್ತಾಳೆ, ತಲುಪಿದ ಮೇಲೆ ನಾನೇ ಫೋನ್ ಮಾಡುತ್ತೇನೆ, ಅಲ್ಲಿಯ ತನಕ ಬಾಯಿ ಬಿಡಬೇಡ ಎಂದು ಅಯ್ಯಾದನಿಂದ ಆಣೆ ಹಾಕಿಸಿಕೊಂಡಿದ್ದ. ಫೋನ್ ಬರಲಿಲ್ಲ. ಆ ದೋಣಿಯಲ್ಲಿ ಹೋದವರಲ್ಲಿ ಒಬ್ಬರ ಮನೆಗೂ ಬರಲಿಲ್ಲ.

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ?"

"ನಾಳೆ ಹೇಳೋಣ ಅಂತಿದ್ದೆ. ನಾಳೆ ಅಂತ ಅಂದಷ್ಟೂ ಬಾಯಿ ಕಟ್ತು."

"ಸರಿ. ಈ ವರ್ಷ ಯಾಕೆ ಚೀಟಿ ಹೊರಗೆ ತೆಗೆದೆ?"

ಅಯ್ಯಾದ್ ಮೇಜಿನ ಮೇಲಿದ್ದ ಚೀಟಿಯ ಕಡೆ ಬೆರಳು ತೋರಿಸಿದ. ಅದರ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತಿತ್ತು.

"ಇನ್ನು ಮೇಲೆ ಇದನ್ನ ಎಲ್ಲೂ ತಗೊಳಲ್ಲ ಸಾಹೇಬ್ರೆ. ಇದೊಂದು ಸಲ ನಾಲ್ಕೂ ಜನ ಆಡೋಣ ಅನ್ನಿಸ್ತು. ನನ್ನ ಬಿಲ್ಲೆ ಬೇಗ ತೀರ್ತು. ಆಮೇಲೆ ಹೋಗಿ ಅವನ ಕುರ್ಚಿ ಹಿಂದೆ ನಿಂತ್ಕೊಂಡೆ. ಪರದೆ ಮೇಲೆ ಅವನು ಇನ್ನೂ ಇದ್ದ. ಎಲೆ ಹಂಚೋ ಹುಡುಗಿ ಕೊನೇ ಬಿಲ್ಲೆ ತಗೊಂಡಾಗ ಹೆಸರು ಹೋಯ್ತು."

ಬೇರೊಬ್ಬನ ಚೀಟಿ ಬಳಸಿದ ಮತ್ತು ಕಾಣೆಯಾದವನ ವಿಷಯ ಮುಚ್ಚಿಟ್ಟ ಆರೋಪದ ಮೇಲೆ ಸಂಜೆ ಐದೂವರೆಗೆ ಅಯ್ಯಾದನ ಬಂಧನ ದಾಖಲಾಯಿತು. ಉದ್ದೇಶ ಏನೆಂದು ಬರೆಯುವ ಜಾಗದಲ್ಲಿ ವಹ್ಬಿಯ ಪೆನ್ನು ನಿಂತಿತು. ಮೋಸ ಅನ್ನಲು ಲಾಭವಿಲ್ಲ, ದ್ವೇಷವಂತೂ ಅಲ್ಲವೇ ಅಲ್ಲ. ಗೆಳೆಯನ ನೆನಪು ತಡೆಯಲಾರದೆ ಎಂದು ಬರೆ, ಮೇಲಿನವರು ನಕ್ಕರೆ ನಗಲಿ ಎಂದ ತೆಮ್ಸಮಾನಿ.

ರಹ್ಮಾ ಬೆಳಿಗ್ಗೆಯಿಂದ ಮನೆಗೆ ಹೋಗಿರಲಿಲ್ಲ. ತೆಮ್ಸಮಾನಿ ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ಸುತ್ತಿಬಳಸದೆ ಎಲ್ಲ ಹೇಳಿದ. ದೋಣಿ ಹತ್ತಿ ಹೋದವರಲ್ಲಿ ಯಾರೂ ತಲುಪಿದ ಸುದ್ದಿಯಿಲ್ಲವೆಂದ. ಕುರ್ಚಿ ಖಾಲಿ ಇತ್ತೆಂದ. ಅವಳು ಅಳಲಿಲ್ಲ. ಅಷ್ಟರಲ್ಲಿ ಅಯ್ಯಾದನನ್ನು ಲಾಕಪ್ಪಿಗೆ ಕರೆದೊಯ್ಯಲು ವಹ್ಬಿ ಹೊರಗೆ ತಂದ. ರಹ್ಮಾ ಎದ್ದು ಅವನಿಗೆ ಅಡ್ಡ ನಿಂತಳು. ಹೊಡೆಯುತ್ತಾಳೆಂದುಕೊಂಡು ವಹ್ಬಿ ನಡುವೆ ಕೈ ಚಾಚಿದ.

"ತಪ್ಪಾಯ್ತು ರಹ್ಮಕ್ಕ," ಎಂದ ಅಯ್ಯಾದ್.

"ಇನ್ಯಾವಳ ಜೊತೆಗೋ ಸಂಸಾರ ಮಾಡ್ಕೊಂಡು ಚೆನ್ನಾಗಿದಾರೆ ಅಂತ ಅಂದ್ಕೊಂಡಿದ್ದೆ ಅಯ್ಯಾದ್," ಎಂದಳು ಅವಳು. "ದಿನಾ ಎದ್ದು ಅವಳಿಗೂ ಅವರಿಗೂ ಶಾಪ ಹಾಕ್ತಿದ್ದೆ. ಅದನ್ನೇ ನಂಬ್ಕೊಂಡು ಬದುಕಿದ್ದೆ. ನಾಳೆ ಎದ್ದು ಯಾರನ್ನ ಬೈಲಿ?"

ವಹ್ಬಿ ಅಯ್ಯಾದನನ್ನು ಲಾಕಪ್ಪಿಗೆ ಕರೆದೊಯ್ದ. ತೆಮ್ಸಮಾನಿ ಜೀಪು ತರಿಸಿ, ಅವಳನ್ನು ಮನೆಯ ತನಕ ತಾನೇ ಬಿಟ್ಟುಬಂದ.