ಗುಡ್ಡದ ತಕರಾರು

“ಥೋಡಾ ಪಾಣೀ ಪಾಹಿಜೆ ಹೈ.”

ಶಾಲೆಯ ಬಾಗಿಲಲ್ಲಿ ನಿಂತವನು ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ನೀರು ಕೇಳಿದಾಗ ಭಾನುಮತಿಗೆ ನಗು ತಡೆಯಲಾಗಲಿಲ್ಲ. ಅವನು ಟೊಪ್ಪಿಗೆ ತೆಗೆದು, ಬೆವರು ಒರೆಸಿಕೊಂಡು ತನ್ನಷ್ಟಕ್ಕೆ ಗೊಣಗಿದ. “ಈ ಭಾಷಾ ಯಾವಾಗ ಬರತೈತೋ ಶಿವನೇ!”

“ಕನ್ನಡದಾಗ ಕೇಳ್ರಿ, ಕೊಡತೀನಿ.”

ಅವನ ಮುಖ ಅರಳಿದ ಪರಿ ನೋಡಿ ಅವಳೇ ತಬ್ಬಿಬ್ಬಾದಳು.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ ಅದು. ಭಾನುಮತಿಯ ತಂದೆ ಉಮಾಪತಿಯವರು ರೈಲ್ವೆ ಗಾರ್ಡು. ಮನೆ ಅಜನಿಯ ಕ್ವಾರ್ಟರ್ಸಿನಲ್ಲಿ. ಅಲ್ಲೇ ಬೆಳೆದ ಅವಳಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಹಿಂಗಣಾದಿಂದ ಆಚೆಗಿನ ಈ ಹಳ್ಳಿಯಲ್ಲಿ ಮಾಸ್ತರಿಕೆ ಸಿಕ್ಕಮೇಲೆ ವಾರವೆಲ್ಲ ಜನಾಬಾಯಿ ಎಂಬ ಮುದುಕಿಯ ಮನೆಯಲ್ಲಿದ್ದು, ರವಿವಾರ ಮಾತ್ರ ಅಜನಿಗೆ ಹೋಗುತ್ತಿದ್ದಳು.

ಬಂದವನ ಹೆಸರು ಬಸವಂತ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ಇಂಜಿನಿಯರು. ಎರಡು ಚೊಂಬು ನೀರು ಕುಡಿದ, ಹುಬ್ಬಳ್ಳಿಯ ಸುದ್ದಿಯೆಲ್ಲ ಹೇಳಿದ, ಅವಳನ್ನು ನಗಿಸಿದ. ಆಮೇಲೆ ಎದ್ದು ಕಿಟಕಿಯಾಚೆ ಕೈ ತೋರಿಸಿದ.

“ಆ ಗುಡ್ಡ ನೋಡಾಕ ಬಂದೀನ್ರಿ. ಹಳಿ ಕೆಳಗ ಹಾಸೂ ಖಡಿಗೆ ಭಾಳ ಚಲೋ ಕಲ್ಲಂತ.”

ಅವಳ ನಗು ಅಲ್ಲಿಗೇ ನಿಂತಿತು. ಆ ಗುಡ್ಡದಲ್ಲಿ ಜಲ್ಲಿಕಲ್ಲಿನ ಗಣಿ ತೆರೆಯಲು ಕಂತ್ರಾಟದಾರನೊಬ್ಬ ಅರ್ಜಿ ಹಾಕಿದಾಗಿನಿಂದ ಊರಿಗೆ ನಿದ್ದೆಯಿರಲಿಲ್ಲ. ಕಲ್ಲು ಪರೀಕ್ಷಿಸಿ, ಊರವರ ತಕರಾರು ಕೇಳಲು ರೈಲ್ವೆಯವರು ಒಬ್ಬರನ್ನು ಕಳಿಸುತ್ತಾರೆಂದು ಗೊತ್ತಿತ್ತು. ಆ ಒಬ್ಬರು ಹೀಗಿರುತ್ತಾರೆಂದು ಗೊತ್ತಿರಲಿಲ್ಲ.

“ಮೊದಲ ಹೇಳಬಾರದಿತ್ತೇನ್ರಿ?”

“ಹೇಳಿದ್ರ ನೀರು ಕೊಡತಿದ್ದಿಲ್ಲೇನು?”

“ನೀರು ಕೊಡತಿದ್ದೆ. ನಗತಿದ್ದಿಲ್ಲ.”

ಆ ವಾರವೆಲ್ಲ ಅವನ ಜೀಪು ಬರುತ್ತಿತ್ತು. ಗುಡ್ಡ ಹತ್ತುವ ಮೊದಲು ಶಾಲೆಗೆ ಬಂದು ಯಾವುದಾದರೊಂದು ಮರಾಠಿ ಶಬ್ದದ ಅರ್ಥ ಕೇಳುವನು. ಬಿಗುವಾಗಿಯೇ ಉತ್ತರ ಕೊಡಬೇಕೆಂದು ಅವಳು ನಿಶ್ಚಯಿಸುವಳು. ಆದರೆ ಮಗ್ಗಿ ಹೇಳಿಸುವಾಗ ಕಿವಿ ಮಾತ್ರ ರಸ್ತೆಯ ಕಡೆಗಿರುತ್ತಿತ್ತು. ಜೀಪಿನ ಸದ್ದಾದರೆ ಸಿಟ್ಟು, ಆಗದಿದ್ದರೆ ಇನ್ನೂ ಸಿಟ್ಟು.

ತಕರಾರು ಕೇಳುವ ದಿನ ಊರೆಲ್ಲ ಬೇವಿನ ಮರದ ಕೆಳಗೆ ಕೂಡಿತು. ಸಾಹೇಬನಿಗೆ ಮರಾಠಿ ಬಾರದು. “ಮಾಸ್ತರಬಾಈ, ನೀವೇ ತಿಳಿಸಿ ಹೇಳಿ,” ಎಂದ ಊರ ಪಾಟೀಲ ಪಾಂಡುರಂಗ.

ಮೊದಲು ಎದ್ದವಳು ಜನಾಬಾಯಿ. ಕೋಲು ನೆಲಕ್ಕೆ ಕುಟ್ಟಿ ಏನೋ ಅಂದಳು. ಜನ ಗೊಳ್ಳೆಂದಿತು.

“ನಿಮಗ ಒಳ್ಳೇದಾಗಲಿ ಅಂತಾಳ್ರಿ,” ಎಂದಳು ಭಾನುಮತಿ.

“ಅದಕ್ಕ ಇಷ್ಟು ನಗತಾರೇನು? ಬರೋಬರ್ ಹೇಳ್ರಿ.”

“ಗುಡ್ಡ ಒಡದ್ರ ನಿಮಗ ಹೆಂಡತಿ ಸಿಗಂಗಿಲ್ಲಂತ.”

ಅವನು ಅವಳನ್ನೇ ನೋಡಿದ, ತುಟಿಯಂಚಿನಲ್ಲಷ್ಟೇ ನಗು. “ಒಡೀದಿದ್ರ ಸಿಗತಾಳೇನು, ಕೇಳ್ರಿ.”

ಅವಳ ಕಿವಿಯ ತನಕ ರಂಗೇರಿತು. “ಏನಂದ? ಏನಂದ?” ಎಂದು ಸುತ್ತಲೂ ಕೇಳತೊಡಗಿದರು. ಅವಳು ಮುಖ ತಿರುಗಿಸಿ ಮುಂದಿನವರನ್ನು ಕರೆದಳು.

ಪಾಂಡುರಂಗನ ಮುಖ ಗಂಟಿಕ್ಕಿತು. “ನಿಮ್ಮ ಭಾಷೆಯಲ್ಲಿ ನಿಮ್ಮನಿಮ್ಮಲ್ಲೇ ಮಾತಾಡಿಕೊಳ್ಳುತ್ತೀರಿ. ಬಾಈ, ನೀವು ನಮ್ಮವರೋ, ಅವರ ಕಡೆಯವರೋ?”

ಆ ಮಾತು ನೆಟ್ಟಿತು. ಅದಕ್ಕೆ ಉತ್ತರ ತನಗೇ ಗೊತ್ತಿಲ್ಲವೆಂಬುದು ಅದಕ್ಕಿಂತ ಹೆಚ್ಚು ನೆಟ್ಟಿತು. ಅಲ್ಲಿಂದ ಮುಂದೆ ಅವಳು ಊರವರ ಮಾತನ್ನು ಒಂದಕ್ಷರ ಬಿಡದೆ, ಒಂದಕ್ಷರ ಮೆತ್ತಗೆ ಮಾಡದೆ ಹೇಳಿದಳು. ಕಲ್ಲಿಗೆ ಮದ್ದು ಇಟ್ಟು ಸಿಡಿಸಿದರೆ ಶಾಲೆಯ ಮೇಲೆ ಕಲ್ಲು ಬೀಳುತ್ತದೆ. ಕಿತ್ತಳೆ ಹೂವಿನ ಮೇಲೆ ಧೂಳು ಕೂತರೆ ಕಾಯಿ ಕಟ್ಟುವುದಿಲ್ಲ. ಊರಿಗಿರುವುದು ಒಂದೇ ಬಾವಿ, ಅದರ ಸೆಲೆ ಗುಡ್ಡದ್ದು.

ಬಸವಂತನ ಮುಖದ ನಗು ಹೋಯಿತು. “ಬಾವಿ ತೋರಸ್ರಿ,” ಎಂದ.

ಹಗ್ಗ ಹಿಡಿದು ಅವನೇ ಇಳಿದ. ಬಹಳ ಹೊತ್ತು ಕಳೆದು ಮೇಲೆ ಬಂದಾಗ ಪ್ಯಾಂಟು ಮೊಣಕಾಲ ತನಕ ಒದ್ದೆ, ಅಂಗಿಯೆಲ್ಲ ಕೆಸರು. ದುಭಾಷಿಯ ಕಡೆ ನೋಡಲೇ ಇಲ್ಲ. ಒಂದೊಂದೇ ಶಬ್ದ ಹುಡುಕುತ್ತ ಜನಕ್ಕೆ ತಾನೇ ಹೇಳಿದ. “ಡೋಂಗರ ಫುಟಲಾ, ಪಾಣೀ ಗೇಲಾ. ಮೀ ನಾಹೀ ಸಾಂಗತೋ.” ಗುಡ್ಡ ಒಡೆದರೆ ನೀರು ಹೋಯಿತು, ಬೇಡವೆಂದು ಮೇಲಿನವರಿಗೆ ಹೇಳುತ್ತೇನೆ, ಎಂದು ಅದರ ಅರ್ಥ. ವ್ಯಾಕರಣ ನೆಟ್ಟಗಿರಲಿಲ್ಲ. ಯಾರೂ ನಗಲಿಲ್ಲ.

ಆಮೇಲೆ ಜೀಪು ಬರಲಿಲ್ಲ. ದೀಪಾವಳಿ ಬಂತು, ಹೋಯಿತು. ಭಾನುಮತಿಗೆ ತಲೆ ಕೆಟ್ಟಂತಾಯಿತು. ಅವನು ತನಗಾಗಿ ಹಾಗೆ ಹೇಳಿದ್ದರೆ ಊರ ಬಾವಿ ಉಳಿದದ್ದು ತನ್ನ ಮುಖ ನೋಡಿ ಎಂದಾಯಿತು. ಅದು ನಾಚಿಕೆಗೇಡು. ತನಗಾಗಿ ಅಲ್ಲದಿದ್ದರೆ? ಒಳ್ಳೆಯದೇ ಆಯಿತಲ್ಲ, ಮತ್ತೆ ಎದೆ ಯಾಕೆ ಹೀಗೆ ಚುರುಗುಡುತ್ತದೆ?

ಒಂದು ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ಅವನು ಬಂದ.

“ಗಣಿ ಆಗಂಗಿಲ್ರಿ. ಮ್ಯಾಲಿನ ಸಾಹೇಬ್ರು ಒಪ್ಪಿದ್ರು. ಪಾಟೀಲರಿಗೆ ಹೇಳಿ ಬಂದೆ.” ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. “ನಾನು ಇನ್ನ ಬೈತೂಲ ಕಡೆ ಕಲ್ಲು ಹುಡಕಬೇಕು. ಇಲ್ಲಿಗೆ ಬರಾಕ ಕಾರಣ ಇಲ್ಲ.”

ಅವಳು ಎಷ್ಟೋ ದಿನಗಳಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು. “ಖರೇ ಹೇಳ್ರಿ. ಅವತ್ತು ನನ್ನ ಸಲುವಾಗಿ ಹಂಗ ಹೇಳಿದ್ರೇನು?”

“ಬಾವಿ ಸಲುವಾಗಿ ಹೇಳಿದೆ.”

ಅವಳು ತಲೆ ತಗ್ಗಿಸಿದಳು. ಸಮಾಧಾನವಾಯಿತು, ಕಣ್ಣೂ ತುಂಬಿತು.

“ನಿಮ್ಮ ಸಲುವಾಗಿ ಹೇಳೂದಾಗಿದ್ರ,” ಎಂದ ಅವನು ಮೆಲ್ಲಗೆ, “ಗುಡ್ಡ ಒಡೀಲಿ ಅಂತಿದ್ದೆ. ಗಣಿ ನಡಿಯೂ ಎರಡು ವರ್ಷ ದಿನಾ ಇಲ್ಲೇ ಬರಬಹುದಿತ್ತು.”

ಅವಳು ತಲೆ ಎತ್ತಿದಳು. ಅವನು ನಗುತ್ತಿರಲಿಲ್ಲ. ಕೈಯಲ್ಲಿದ್ದ ಟೊಪ್ಪಿಗೆಯ ಅಂಚನ್ನು ಸುಮ್ಮನೆ ತಿರುವುತ್ತಿದ್ದ, ಉತ್ತರ ಬಾರದ ಹುಡುಗನ ಹಾಗೆ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತನ್ನ ಬಾಯಿಂದ ಏನು ಬರುತ್ತಿದೆ ಎಂಬುದೂ ಹೇಳಿ ಮುಗಿಸುವ ತನಕ ತಿಳಿಯಲಿಲ್ಲ.

“ನಮ್ಮ ಅಪ್ಪಾರು ಅಜನಿ ಕ್ವಾರ್ಟರ್ಸ್‌ನಾಗ ಇರತಾರ. ಗಾರ್ಡ್ ಉಮಾಪತಿ ಅಂದ್ರ ಯಾರರೆ ತೋರಸತಾರ. ಈ ರವಿವಾರ ಅವರಿಗೆ ಡ್ಯೂಟಿ ಇಲ್ಲ.”