ಹುಳುಮನೆಯ ಹೊಸ್ತಿಲು

ಒಂದಾನೊಂದು ಊರಿನಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳ ಕಥೆಗಳಲ್ಲಿ ರಾಜಕುಮಾರರು ಏಳು ಸಮುದ್ರ ದಾಟುತ್ತಿದ್ದರು. ಊರು ಶಿಡ್ಲಘಟ್ಟದ ಹತ್ತಿರ. ಅಜ್ಜಿ ನನ್ನವಳೇ, ಅಶ್ವತ್ಥಮ್ಮ. ನನ್ನ ರಾಜಕುಮಾರ ದಾಟಬೇಕಿದ್ದದ್ದು ನಮ್ಮ ರೇಷ್ಮೆ ಹುಳುಮನೆಯ ಹೊಸ್ತಿಲು ಮಾತ್ರ.

ಚಲಪತಿ ರೇಷ್ಮೆ ಇಲಾಖೆಯವನು. ತೊಂಬತ್ತೆರಡರಲ್ಲಿ ನಮ್ಮ ಕಡೆ ಹುಳುಗಳ ರೋಗ ನೋಡಲು ಲೂನಾ ಮೊಪೆಡ್ಡಿನಲ್ಲಿ ಬರುತ್ತಿದ್ದ. ಊರಾಚೆಯ ಕಾಲೋನಿಯ ಕೊಂಡಪ್ಪನ ಮಗ ಎಂದು ತಿಳಿದ ದಿನವೇ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂತು ಹೇಳಪ್ಪ. ನಿನ್ನ ನೆರಳು ಬಿದ್ರೆ ಹುಳ ಉಳಿಯಲ್ಲ."

ಆ ವಾರ ಹುಳುಗಳು ಸತ್ತವು. ಅಜ್ಜಿಗೆ ಅಷ್ಟೇ ಸಾಕಾಯಿತು.

ಮುಂದೆ ನಾನೇ ಹುಳುಗಳಿದ್ದ ತಟ್ಟೆಯನ್ನು ಅಂಗಳಕ್ಕೆ ತಂದು ತೋರಿಸತೊಡಗಿದೆ. ಅವನು ಹುಳು ನೋಡುವನು, ಆಮೇಲೆ ನನ್ನನ್ನು, ಆಮೇಲೆ ಅವಸರದಿಂದ ಮತ್ತೆ ಹುಳುವನ್ನು.

"ಹುಳ ಚೆನ್ನಾಗಿದಾವಾ ಸಾರ್?"

"ತಂದೋರೂ ಚೆನ್ನಾಗಿದಾರೆ."

ಒಂದು ದಿನ ನಾನೇ ಕೇಳಿದೆ. "ನಮ್ಮನೇಲಿ ಯಾವಾಗ ಮಾತಾಡ್ತೀರ?"

ಅವನ ನಗು ನಿಂತಿತು. "ಹೊಸ್ತಿಲಾಚೆ ನಿಂತು ಹೆಣ್ಣು ಕೇಳಲ್ಲ, ರಾಮಲಕ್ಷ್ಮಿ. ಕದ್ದೂ ಒಳಗೆ ಬರಲ್ಲ."

"ಅಜ್ಜಿನೇ ಕರೀತಾಳೆ. ಕರೆಸೋದು ನನ್ನ ಕೆಲಸ. ಮಾತು ಕೊಟ್ಟೆ."

ಅಂದಿನಿಂದ ಕ್ಯಾಲೆಂಡರಿನಲ್ಲಿ ಅವನು ಬಂದ ದಿನಗಳಿಗೆಲ್ಲ ಕುಂಕುಮದ ಬೊಟ್ಟಿಟ್ಟೆ. ರೇಷ್ಮೆಗೂಡಿನ ಬೆಳೆ ಕೈಗೆ ಬಂದರೆ ಅರಿಸಿನ, ಹೋದರೆ ಕಾಡಿಗೆ.

ವರ್ಷ ಮುಗಿದಾಗ ಅದನ್ನು ಇಳಿಸಿ ಅಜ್ಜಿಯ ಮುಂದೆ ಹರಡಿದೆ.

"ನೋಡಜ್ಜೀ, ಅವರು ಬಂದ ನಾಲ್ಕೂ ಬೆಳೆ ಅರಿಸಿನ. ಕಾಡಿಗೆ ಒಂದೇ. ಆಗ ಅವರು ಮೈಸೂರಲ್ಲಿ ಟ್ರೈನಿಂಗಲ್ಲಿದ್ರು."

"ಇನ್ಯಾರೋ ಬಂದಿರ್ತಾರೆ ಬಿಡೇ."

"ಬಂದಿದ್ರು. ನರಸಿಂಹಪ್ಪ ಮಾವ. ತಮ್ಮನೇಲಿ ಸತ್ತ ಹುಳ ಎತ್ತಿಹಾಕಿ, ಕೈನೂ ತೊಳೀದೆ ಸೀದಾ ಒಳಗೆ ಬಂದ್ರು. ನೀನು ಕಾಫಿ ಕೊಟ್ಟೆ."

ಅಜ್ಜಿ ಕಾಡಿಗೆಯ ಬೊಟ್ಟನ್ನು ಉಜ್ಜಿದಳು. ಅಳಿಯಲಿಲ್ಲ, ಬೆರಳಿಗೂ ಅಂಟಿತು.

"ನಂಗೆ ಅವನು ಬಂದಾಗ ಸತ್ತಿದ್ದೊಂದೇ ನೆನಪಿತ್ತು ಕಣೇ," ಎಂದಳು.

ಮುಂದಿನ ವಾರ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬಕೆಟ್ ಇತ್ತು. ಮೊದಲು ಬಂದವರು ಮಾವ.

"ನಾನೂನಾ ಅತ್ತೆ?"

"ಎಲ್ರಿಗೂ ಒಂದೇ. ತೊಳ್ಕೋ."

ಹಿಂದೆಯೇ ಬಂದ ಚಲಪತಿ ಎಂದಿನಂತೆ ಅಂಗಳದಲ್ಲೇ ನಿಂತ. ನಾನು ತಟ್ಟೆ ತರಲಿಲ್ಲ.

ಅಜ್ಜಿ ಬಾಗಿಲಿಂದ ಪಕ್ಕಕ್ಕೆ ಸರಿದಳು. "ಅಲ್ಯಾಕಪ್ಪ ನಿಂತೆ? ಒಳಕ್ಕೆ ಬಾ. ಮೊದಲು ಹುಳ ನೋಡು. ಆಮೇಲೆ ಏನೋ ಕೇಳ್ಬೇಕಲ್ವಾ, ಇವಳ ಮುಖ ನೋಡಿದ್ರೇ ಗೊತ್ತಾಗುತ್ತೆ. ಕೂತ್ಕೊಂಡು ಕೇಳು."

ಚಲಪತಿ ನನ್ನನ್ನು ನೋಡಿದ, ಈ ಸಲ ಅವಸರವಿಲ್ಲದೆ. ಕೈಕಾಲು ತೊಳೆದು, ಹೊಸ್ತಿಲು ದಾಟಿದ.